ಗೋಡೌನಿನಲ್ಲಿ ಸೊಪ್ಪು ಬೆಳೆಯುವ ಮೊದಲು ಕರೆಂಟಿನ ಮೀಟರ್ ನೋಡಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಮುಂದಿನ ತಿಂಗಳು ನಾನೂ ಮನೆಯವಳೂ ಅಲ್ಲಿಗೆ ಹೋಗುತ್ತಿದ್ದೇವೆ. ಅಲ್ಲಿ ಕಟ್ಟಡದೊಳಗೆ, ಮಣ್ಣು ಬಿಸಿಲು ಎರಡೂ ಇಲ್ಲದೆ, ಯಂತ್ರಗಳೇ ಸೊಪ್ಪು ಬೆಳೆಯುವ ಫಾರ್ಮ್ ಒಂದಿದೆಯಂತೆ. ಅದನ್ನು ನೋಡಲು ಮಗ ಏರ್ಪಾಡು ಮಾಡಿದ್ದಾನೆ. ನಮ್ಮ ಹಳೆಯ ಅಡಿಕೆ ಗೋಡೌನಿನಲ್ಲಿ ಅಂಥದ್ದೇ ಮಾಡೋಣ, ತೋಟದ ಮೇಲೆ ಸಾಲ ತೆಗೆಯೋಣ ಅಂತ ಹೇಳುತ್ತಿದ್ದಾನೆ. ಅಲ್ಲಿ ಏನು ನೋಡಬೇಕು, ಏನು ಕೇಳಬೇಕು? ನಮ್ಮೂರಿಗೆ ಇದು ಹೊಂದುತ್ತದಾ?

ಉತ್ತರ: ಹೋಗಿ ನೋಡಿ ಬನ್ನಿ. ನೋಡಲೇಬೇಕಾದ ಜಾಗ ಅದು. ಆದರೆ ತೋಟದ ಮೇಲೆ ಸಾಲದ ಮಾತು ಈಗ ಬೇಡ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ. ಈ ಪತ್ರ ಓದಿ ಮಗನಿಗೆ ಸಿಟ್ಟು ಬಂದರೆ ಅದೇ ಲೆಕ್ಕ ಅವನ ಮುಂದಿಡಿ.

ಮಹಡಿ ಮೇಲೆ ಮಹಡಿ ಬೆಳೆ ಅನ್ನುವುದು ನಿಮಗೆ ಹೊಸದಲ್ಲ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು 1970ರ ದಶಕದಲ್ಲೇ ತೆಂಗಿನ ಮರಕ್ಕೆ ಕಾಳುಮೆಣಸಿನ ಬಳ್ಳಿ, ಮಧ್ಯೆ ಕೊಕ್ಕೋ, ನೆಲದಲ್ಲಿ ಅನಾನಸು ಅಂತ ಬಹುಮಹಡಿ ಬೇಸಾಯ ಮಾಡಿ ತೋರಿಸಿದ್ದರು. ನಿಮ್ಮ ಅಡಿಕೆ ತೋಟದಲ್ಲೂ ಮೆಣಸು, ಬಾಳೆ, ಕೊಕ್ಕೋ ಇದ್ದೇ ಇರುತ್ತದೆ. ಅಲ್ಲಿ ಮೇಲಿನ ಗಿಡ ಬಿಟ್ಟ ಬಿಸಿಲನ್ನು ಕೆಳಗಿನ ಗಿಡ ಹಿಡಿಯುತ್ತದೆ. ಬಿಸಿಲು ಒಂದೇ, ಅದಕ್ಕೆ ಬಿಲ್ ಇಲ್ಲ. ನೀವು ನೋಡಲು ಹೋಗುವ ಫಾರ್ಮ್‌ನಲ್ಲಿ ಪ್ರತಿ ಮಹಡಿಗೂ ಬೇರೆ ಬೇರೆ ಎಲ್‌ಇಡಿ ದೀಪ. ಹತ್ತು ಮಹಡಿ ಇದ್ದರೆ ಹತ್ತು ಬಿಸಿಲು, ಹತ್ತಕ್ಕೂ ಬಿಲ್. ಒಳಗೆ ಓಡಾಡುವಾಗ ಇದೊಂದು ನೆನಪಿರಲಿ. ಉಳಿದ ಪ್ರಶ್ನೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಈಗ ನಾವು ಕಾಣುವ ರೂಪದ ಈ ಯೋಚನೆ ಜೋರಾಗಿ ಓಡಾಡಲು ಶುರುವಾದದ್ದು 1999ರಲ್ಲಿ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಿಕ್ಸನ್ ಡೆಸ್ಪೊಮಿಯರ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳ ಜೊತೆ ಕೂತು, ನಗರದ ಕಟ್ಟಡದೊಳಗೇ ಆಹಾರ ಬೆಳೆದರೆ ಹೇಗೆ ಅಂತ ಲೆಕ್ಕ ಹಾಕಿದರು. ಆಮೇಲೆ ಎಲ್‌ಇಡಿ ಅಗ್ಗವಾಯಿತು, ಹಣ ಹಾಕುವವರೂ ಸಿಕ್ಕಿದರು. ಜಪಾನಿನ ಸ್ಪ್ರೆಡ್ ಕಂಪನಿ 2018ರಲ್ಲಿ ಕ್ಯೋಟೊ ಪ್ರಾಂತ್ಯದಲ್ಲಿ ತೆರೆದ ಘಟಕ ದಿನಕ್ಕೆ 30,000 ಲೆಟ್ಯೂಸ್ (ಸಲಾಡಿನ ಸೊಪ್ಪು) ಗಿಡ ತೆಗೆಯುವ ಲೆಕ್ಕದಲ್ಲಿ ಕಟ್ಟಿದ್ದು. ದುಬೈಯಲ್ಲೇ 2022ರಲ್ಲಿ ಬುಸ್ತಾನಿಕಾ ಎಂಬ ಇಂಥ ಫಾರ್ಮ್ ಶುರುವಾಯಿತು. 3,30,000 ಚದರ ಅಡಿ, ವರ್ಷಕ್ಕೆ 10 ಲಕ್ಷ ಕಿಲೋ ಸೊಪ್ಪು ಅದರ ಗುರಿ.

ಇನ್ನು ಭೇಟಿಯ ವಿಷಯ. ಬಾಗಿಲಲ್ಲೇ ಚಪ್ಪಲಿ ಬದಲಿಸಿ, ಕೋಟು, ತಲೆಗೆ ಟೋಪಿ ಹಾಕಿಸುತ್ತಾರೆ. ವಾಚು, ಉಂಗುರ ತೆಗೆಯಲು ಹೇಳಬಹುದು. ಈ ಸೊಪ್ಪನ್ನು ಜನ ಹಸಿಯಾಗೇ ತಿನ್ನುತ್ತಾರೆ, ತೊಳೆಯದೆ ತಿನ್ನಬಹುದು ಅಂತಲೇ ಮಾರುವವರೂ ಇದ್ದಾರೆ. ಹಾಗಾಗಿ ಈ ಶುಚಿ ತೋರಿಕೆಯದ್ದಲ್ಲ. ಅಂದಹಾಗೆ, ಎಲೆ ಅಡಿಕೆ ಸಂಚಿಯನ್ನು ಮನೆಯಲ್ಲೇ ಬಿಟ್ಟು ಹೊರಡಿ. ವೀಳ್ಯದೆಲೆ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ. ಫಾರ್ಮ್‌ಗಿಂತ ಮೊದಲು ವಿಮಾನ ನಿಲ್ದಾಣದಲ್ಲೇ ಪೇಚಾಟ ಆಗಬಾರದಲ್ವಾ.

ಒಳಗೆ ಹೋದ ಕೂಡಲೇ ಕಣ್ಣು ರೋಬೋಟ್ ಕಡೆ ಹೋಗುತ್ತದೆ. ಬೀಜ ಹಾಕುವ ಯಂತ್ರ, ತಟ್ಟೆಗಳನ್ನು ಎತ್ತಿ ಮಹಡಿ ಬದಲಿಸುವ ಕೈ, ಗಿಡಗಳ ಫೋಟೋ ತೆಗೆಯುತ್ತಾ ಹೋಗುವ ಕ್ಯಾಮರಾ. ನೋಡಿ, ಖುಷಿಪಡಿ, ಮುಂದೆ ನಡೆಯಿರಿ. ಅಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಕೈಯಲ್ಲಿ ಏನೇನು ಮಾಡುತ್ತೀರಿ? ಕಟಾವು, ಆರಿಸುವುದು, ಪ್ಯಾಕಿಂಗ್, ತಟ್ಟೆ ತೊಳೆಯುವುದು, ಇವುಗಳಲ್ಲಿ ಯಾವುದಾದರೂ ಒಂದೆರಡು ಕಡೆ ಜನ ಇದ್ದೇ ಇರುತ್ತಾರೆ. ಎಷ್ಟು ಜನ, ದಿನಕ್ಕೆ ಎಷ್ಟು ಕಿಲೋ ಅಂತ ಕೇಳಿ. ಯಂತ್ರ ಆಳಿನ ಖರ್ಚನ್ನು ಕಡಿಮೆ ಮಾಡುತ್ತದೆ ನಿಜ. ಬದಲಿಗೆ ಯಂತ್ರ ರಿಪೇರಿ ಮಾಡುವವನ ಸಂಬಳ ಬರುತ್ತದೆ. ಬದಿಯಡ್ಕದಲ್ಲಿ ಅಡಿಕೆ ಕೊಯ್ಯುವವರು ಸಿಗುವುದೇ ಕಷ್ಟ ಅಂತ ನಿಮಗೆ ಗೊತ್ತು. ಸೆನ್ಸರ್ ರಿಪೇರಿಯವನನ್ನು ಎಲ್ಲಿಂದ ಕರೆಸುತ್ತೀರಿ?

ನಾನಾದರೆ ಹೆಚ್ಚು ಹೊತ್ತು ನಿಲ್ಲುವುದು ಗೊಬ್ಬರದ ಟ್ಯಾಂಕುಗಳಿರುವ ಕೋಣೆಯಲ್ಲಿ. ಅಲ್ಲಿ ಎರಡು ದೊಡ್ಡ ಟ್ಯಾಂಕು ಕಾಣುತ್ತದೆ, ಒಂದಕ್ಕೆ ಎ, ಇನ್ನೊಂದಕ್ಕೆ ಬಿ ಅಂತ ಬರೆದಿರುತ್ತಾರೆ. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಸಾಮಾನ್ಯವಾಗಿ ಕಬ್ಬಿಣದ ಚೀಲೇಟ್ (ನೀರಿನಲ್ಲಿ ಕರಗಿಯೇ ಉಳಿಯುವ ಕಬ್ಬಿಣ) ಅದರ ಜೊತೆಗೇ. ಇನ್ನೊಂದರಲ್ಲಿ ಮೆಗ್ನೀಷಿಯಂ ಸಲ್ಫೇಟ್, ಪೊಟ್ಯಾಷಿಯಂ ಫಾಸ್ಫೇಟ್, ಉಳಿದ ಸೂಕ್ಷ್ಮ ಪೋಷಕಾಂಶ. ಗಟ್ಟಿ ದ್ರಾವಣದಲ್ಲಿ ಇವೆರಡನ್ನು ಸೇರಿಸಿದರೆ ಕ್ಯಾಲ್ಸಿಯಂ ಹೋಗಿ ಸಲ್ಫೇಟ್, ಫಾಸ್ಫೇಟ್ ಜೊತೆ ಕೂಡಿ ಬಿಳಿ ಗಸಿಯಾಗಿ ಕೆಳಗೆ ಕೂರುತ್ತದೆ. ನೀವು ಅಡಿಕೆಗೆ ಹೊಡೆಯಲು ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತನ್ನೂ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ, ನೀರಾದ ಮೇಲೆ ತಾನೇ ಕೂಡಿಸುವುದು? ಇಲ್ಲೂ ಹಾಗೆಯೇ, ಬೇಕಾದಷ್ಟು ನೀರಿಗೆ ಸ್ವಲ್ಪ ಎ, ಸ್ವಲ್ಪ ಬಿ. ಬಿಡುವ ಕೆಲಸ ಸಣ್ಣ ಪಂಪ್‌ನದ್ದು. ನೀರಿನಲ್ಲಿ ಎಷ್ಟು ಉಪ್ಪಿನಂಶ ಇದೆ ಅಂತ ಇಸಿ ಮೀಟರ್ ಹೇಳುತ್ತದೆ. ಲೆಟ್ಯೂಸಿಗೆ ಆ ಅಂಕಿ 1.2ರಿಂದ 1.8 (ಮಿಲಿಸೀಮನ್ಸ್) ಇದ್ದರೆ ಸಾಕು. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರ ನಡುವೆ ನಿಲ್ಲಬೇಕು. ಗೋಡೆ ಮೇಲಿನ ಪರದೆಯಲ್ಲಿ ಈ ಎರಡು ಅಂಕಿ ಹೊಳೆಯುತ್ತಿರುತ್ತದೆ. ಆ ಮೀಟರಿನ ಕಡ್ಡಿಯನ್ನು ಕೊನೆಯ ಸಲ ಸರಿಹೊಂದಿಸಿದ್ದು ಯಾವಾಗ ಅಂತ ಕೇಳಿ. ತಟ್ಟನೆ ಉತ್ತರ ಬಂದರೆ ಒಳ್ಳೆಯ ಫಾರ್ಮ್. ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಪರದೆಯ ಅಂಕಿಯನ್ನು ನಂಬಬೇಡಿ.

ಈ ವಿಷಯದಲ್ಲಿ ನಿಮ್ಮೂರಿಗೆ ಒಂದು ಅನುಕೂಲ ಇದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ಬರುವ ನೀರು ಸಾಮಾನ್ಯವಾಗಿ ಮೆದು, ಉಪ್ಪಿನಂಶ ತೀರ ಕಡಿಮೆ. ದುಬೈಯವರು ಸಮುದ್ರದ ನೀರಿನ ಉಪ್ಪು ತೆಗೆದು ಪಡೆಯುವುದನ್ನು ನಿಮಗೆ ಗುಡ್ಡವೇ ಕೊಡುತ್ತದೆ. ಆದರೆ ಅಂಥ ನೀರಿನಲ್ಲಿ ಬೈಕಾರ್ಬನೇಟ್ ಕಡಿಮೆ ಇರುವುದರಿಂದ ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ, ಬೇಗ ಬೇಗ ಏರಿಳಿಯುತ್ತದೆ. ಕಬ್ಬಿಣದ ಅಂಶವೂ ಇರಬಹುದು. ಏನೇ ಮಾಡುವುದಿದ್ದರೂ ಮೊದಲು ನೀರು ಪರೀಕ್ಷೆ ಮಾಡಿಸಿ.

ಸಸಿ ಕೋಣೆಯಲ್ಲಿ ಬೀಜ ಹಾಕಿದ ಸಣ್ಣ ಸಣ್ಣ ತುಂಡು ಕಾಣುತ್ತವೆ. ಕೆಲವು ಕಡೆ ಸ್ಪಂಜು, ಕೆಲವು ಕಡೆ ಕಲ್ಲುನಾರು, ಹಲವು ಕಡೆ ತೆಂಗಿನ ನಾರಿನ ಪುಡಿ. ನಮ್ಮ ಕರಾವಳಿಯ ಸಿಪ್ಪೆಯೇ ಕೊಕೊಪೀಟ್ ಅಂತ ಪ್ಯಾಕೆಟ್ಟಾಗಿ ಅಲ್ಲಿಗೆ ಹೋಗಿರಬಹುದು. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯ ಪುಡಿಯಾದರೆ ಸೋಡಿಯಂ ಜಾಸ್ತಿ. ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಿ, ಮತ್ತೆ ತೊಳೆದು ಬಳಸಬೇಕು. ಅದನ್ನು ಮಾಡದವರ ಸಸಿ ಎಲೆಯಂಚಿನಿಂದ ಸುಡುತ್ತದೆ.

ಗಿಡಗಳ ಹತ್ತಿರ ಬಂದಾಗ ಒಂದು ಗಿಡ ಎತ್ತಿ ತೋರಿಸಿ ಅಂತ ಹೇಳಿ. ಬೇರು ಬೆಳ್ಳಗೆ, ಗಟ್ಟಿಯಾಗಿ ಇರಬೇಕು. ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಲೋಳೆಯಾಗಿ ಸಿಪ್ಪೆ ಕಳಚಿ ಬಂದರೆ ಅದು ಪಿಥಿಯಂ, ಬೇರುಕೊಳೆ. ನೀರು ಬಿಸಿಯಾದಷ್ಟೂ ಅದರ ಕಾಟ ಜಾಸ್ತಿ. ಎಲ್ಲ ಗಿಡಗಳಿಗೂ ಒಂದೇ ನೀರು ಸುತ್ತುವುದರಿಂದ ಒಂದು ಮೂಲೆಯಲ್ಲಿ ಬಂದರೆ ಇಡೀ ಸಾಲಿಗೆ ಹರಡುತ್ತದೆ. ಆಮೇಲೆ ಲೆಟ್ಯೂಸಿನ ಎಲೆ ಬಿಡಿಸಿ ನಡುವಿನ ಎಳೆ ಎಲೆಯನ್ನು ನೋಡಿ. ಅಂಚು ಕಂದಾಗಿ ಸುಟ್ಟಂತೆ ಇದೆಯಾ? ನೀರಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೂ ಹೀಗಾಗುತ್ತದೆ. ಕ್ಯಾಲ್ಸಿಯಂ ಎಲೆಗೆ ತಲುಪುವುದು ನೀರಿನ ಜೊತೆ. ಎಲೆಯಿಂದ ನೀರು ಆವಿಯಾದರೆ ಮಾತ್ರ ಕೆಳಗಿಂದ ನೀರು ಏರುತ್ತದೆ. ಮುಚ್ಚಿಕೊಂಡಿರುವ ನಡು ಎಲೆಗೆ ಗಾಳಿ ತಾಗುವುದಿಲ್ಲ, ಹಾಗಾಗಿ ಕ್ಯಾಲ್ಸಿಯಂ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೇ ಪ್ರತಿ ಮಹಡಿಯಲ್ಲೂ ಸಣ್ಣ ಫ್ಯಾನ್. ದೀಪ ಗುಲಾಬಿ ಬಣ್ಣದ್ದಾಗಿದ್ದರೆ ಈ ಕಂದು ಕಣ್ಣಿಗೆ ಬೀಳುವುದಿಲ್ಲ. ಎಲೆಯನ್ನು ಬಿಳಿ ದೀಪದ ಕೆಳಗೆ ತಂದು ನೋಡಿ.

ಔಷಧಿ ಹೊಡೆಯುವುದಿಲ್ಲ ಅಂತ ಅವರು ಹೇಳುತ್ತಾರೆ. ಹೆಚ್ಚಿನ ಕಡೆ ಅದು ನಿಜವೇ. ಎಂಡೋಸಲ್ಫಾನಿನ ನೋವು ಉಂಡ ನಮ್ಮ ಜಿಲ್ಲೆಯವರಿಗೆ ಆ ಮಾತಿನ ತೂಕ ಬೇರೆಯವರಿಗಿಂತ ಜಾಸ್ತಿ ಗೊತ್ತು. ಆದರೆ ಹುಳ ಬರುವುದೇ ಇಲ್ಲ ಅಂದರೆ ನಂಬಬೇಡಿ. ಥ್ರಿಪ್ಸ್, ಗಿಡಹೇನು, ಸಣ್ಣ ನೊಣ, ಇವು ಬಟ್ಟೆಯಲ್ಲಿ, ಪೆಟ್ಟಿಗೆಯಲ್ಲಿ ಹೇಗೋ ನುಸುಳುತ್ತವೆ. ಅಲ್ಲಲ್ಲಿ ತೂಗುಹಾಕಿದ ಹಳದಿ ಅಂಟು ಹಾಳೆಯನ್ನು ಹತ್ತಿರ ಹೋಗಿ ನೋಡಿದರೆ ನಿಮಗೇ ತಿಳಿಯುತ್ತದೆ.

ಆಮೇಲೆ ಎಸಿ ಪೈಪು ಹುಡುಕಿ. ಯಾರೂ ತೋರಿಸುವುದಿಲ್ಲ, ನೀವೇ ಕೇಳಬೇಕು. ಗಿಡ ಕುಡಿದ ನೀರಿನಲ್ಲಿ ಹೆಚ್ಚಿನ ಪಾಲು ಎಲೆಯಿಂದ ಆವಿಯಾಗಿ ಕೋಣೆಯ ಗಾಳಿಗೆ ಸೇರುತ್ತದೆ. ಬಾಗಿಲು ಮುಚ್ಚಿದ ಕೋಣೆ. ಆ ತೇವವನ್ನು ಎಸಿ ಹಿಂಡಿ ತೆಗೆಯುತ್ತದೆ. ಆ ನೀರು ಹೊರಗೆ ಹೋಗುತ್ತದಾ, ವಾಪಸ್ ಟ್ಯಾಂಕಿಗೆ ಬರುತ್ತದಾ? ಬುಸ್ತಾನಿಕಾದವರು ಹೊಲಕ್ಕಿಂತ 95 ಶೇಕಡಾ ನೀರು ಕಡಿಮೆ ಸಾಕು ಅನ್ನುತ್ತಾರೆ. ಅಂಥ ಉಳಿತಾಯಕ್ಕೆ ಈ ಪೈಪೂ ಬೇಕು.

ಈಗ ಕರೆಂಟಿನ ಲೆಕ್ಕ. ಇದನ್ನು ಮಗನ ಜೊತೆ ಕೂತು ಮಾಡಿ. ಲೆಟ್ಯೂಸಿಗೆ ದಿನಕ್ಕೆ 16 ಗಂಟೆ ದೀಪ ಹಾಕುತ್ತಾರೆ ಅಂತ ಇಟ್ಟುಕೊಳ್ಳಿ. ಒಳ್ಳೆಯ ಎಲ್‌ಇಡಿಯಾದರೆ ಒಂದು ಚದರ ಮೀಟರ್ ತಟ್ಟೆಗೆ ದಿನಕ್ಕೆ ಸುಮಾರು 1.3 ಯೂನಿಟ್ ಬೇಕು. ಸಸಿ ನೆಟ್ಟು ಕೊಯ್ಯುವವರೆಗೆ ಮೂರು ವಾರ ಅಂದರೆ 27, 28 ಯೂನಿಟ್. ಆ ಜಾಗದಲ್ಲಿ 25 ಗಿಡ, ಗಿಡಕ್ಕೆ 150 ಗ್ರಾಂ ಅಂದರೆ ಕಾಲು ಕಡಿಮೆ ನಾಲ್ಕು ಕಿಲೋ. ದೀಪಕ್ಕೇ ಕಿಲೋಗೆ ಏಳೂವರೆ ಯೂನಿಟ್ ಆಯಿತು. ದೀಪಕ್ಕೆ ಹೋದ ಕರೆಂಟು ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿ ಕೋಣೆಯಲ್ಲೇ ಉಳಿಯುತ್ತದೆ. ಅದನ್ನು ಹೊರಹಾಕಲು ಎಸಿಗೆ ಇನ್ನೂ ಎರಡೂವರೆ ಯೂನಿಟ್. ಪಂಪ್, ಫ್ಯಾನ್, ಸಸಿ ಕೋಣೆ ಎಲ್ಲ ಸೇರಿಸಿ ಹನ್ನೊಂದೂವರೆ ಅನ್ನಿ. ಯೂನಿಟ್ಟಿಗೆ 8 ರೂಪಾಯಿ ಅಂತ ಹಿಡಿದರೂ ಕಿಲೋ ಸೊಪ್ಪಿಗೆ ಕರೆಂಟೇ 92 ರೂಪಾಯಿ. ಇದು ಎಲ್ಲವೂ ಸರಿಯಾಗಿ ನಡೆದಾಗ, ಒಂದು ಗಿಡವೂ ಹಾಳಾಗದಾಗ. ಅಸಲಿ ಫಾರ್ಮ್‌ಗಳ ಕಥೆ ಬೇರೆ. 2021ರ ಒಂದು ಜಾಗತಿಕ ಸಮೀಕ್ಷೆಯಲ್ಲಿ ಇಂಥ ಫಾರ್ಮ್‌ಗಳ ಸರಾಸರಿ ಕಿಲೋಗೆ 38.8 ಯೂನಿಟ್ ಬಂದಿತ್ತು. ಬಿಸಿಲು ಬಳಸುವ ಹಸಿರುಮನೆಗಳಲ್ಲಿ 5.4. ಮೊದಲಿನ ಅಂಕಿಯನ್ನು 8ರಿಂದ ಗುಣಿಸಿದರೆ 310 ರೂಪಾಯಿ. ಬಾಡಿಗೆ, ಬೀಜ, ಸಂಬಳ, ಬಡ್ಡಿ ಯಾವುದೂ ಇನ್ನೂ ಸೇರಿಲ್ಲ.

ಹಾಗಾಗಿ ಅಲ್ಲಿ ಕೇಳಲೇಬೇಕಾದ ಪ್ರಶ್ನೆ: ಪ್ಯಾಕ್ ಆಗಿ ಹೊರಗೆ ಹೋದ ಒಂದು ಕಿಲೋ ಸೊಪ್ಪಿಗೆ ಒಟ್ಟು ಎಷ್ಟು ಯೂನಿಟ್? ಕೊಯ್ದ ಕಿಲೋ ಅಲ್ಲ, ಮಾರಿದ ಕಿಲೋ. ದೀಪದ ಮೀಟರ್ ಅಲ್ಲ, ಕಟ್ಟಡದ ಮೀಟರ್.

ಮಗ ಸೋಲಾರ್ ಅನ್ನುತ್ತಾನೆ, ನನಗೆ ಗೊತ್ತು. ನಮ್ಮ ಕಡೆ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಟ್ಟರೆ ಪುಣ್ಯ. ಅದಕ್ಕೆ ಸುಮಾರು 5 ಚದರ ಮೀಟರ್ ಜಾಗ ಬೇಕು. ಎಸಿ ಸೇರಿ ಒಂದು ಚದರ ಮೀಟರ್ ತಟ್ಟೆಗೆ ದಿನಕ್ಕೆ 2 ಯೂನಿಟ್ ಅಂದರೆ ಎರಡೂವರೆ ಚದರ ಮೀಟರ್ ಪ್ಯಾನೆಲ್. ನಾಲ್ಕು ಮಹಡಿ ಮಾಡಿದರೆ ಹತ್ತು. ಗೋಡೌನಿನ ಮಾಡು ಪೂರ್ತಿ ಮುಚ್ಚಿದರೂ ಒಂದು ಮಹಡಿಯೂ ಸರಿಯಾಗಿ ಉರಿಯುವುದಿಲ್ಲ. ಮಳೆ ಸುರಿಯುವ ಆಟಿ ತಿಂಗಳಲ್ಲಂತೂ ಕೇಳುವುದೇ ಬೇಡ.

ಸೊಪ್ಪೇ ಯಾಕೆ, ಭತ್ತ ಯಾಕಿಲ್ಲ ಅಂತ ಅನಿಸಬಹುದು. ಒಂದು ಕಿಲೋ ಲೆಟ್ಯೂಸಿನಲ್ಲಿ 950 ಗ್ರಾಂ ನೀರು. ದೀಪದ ಬೆಳಕಿನಿಂದ ಗಿಡ ಕಟ್ಟಿದ್ದು ಬರೀ 50 ಗ್ರಾಂ. ಒಂದು ಕಿಲೋ ಅಕ್ಕಿಯಲ್ಲಿ 850 ಗ್ರಾಮಿಗಿಂತ ಜಾಸ್ತಿ ಒಣ ಪದಾರ್ಥ, ಜೊತೆಗೆ ಹುಲ್ಲು ಬೇರೆ. ಎಲ್‌ಇಡಿ ಅಕ್ಕಿಯ ಗಂಜಿ ಕುಡಿಯಲು ಸಾಲ ಮಾಡಬೇಕಾದೀತು.

ದುಬೈಯಲ್ಲಿ ಆದರೂ ನಡೆಯುತ್ತದಲ್ಲ ಅಂದರೆ, ಅಲ್ಲಿ ಮರಳುಗಾಡು, ಬೇಸಿಗೆಯಲ್ಲಿ ಹೊರಗೆ ಸೊಪ್ಪು ಬದುಕುವುದಿಲ್ಲ, ಕುಡಿಯುವ ನೀರೇ ಸಮುದ್ರದ್ದು, ತಾಜಾ ಸೊಪ್ಪು ಹೆಚ್ಚಿನದೂ ಹೊರದೇಶದಿಂದ ಬರಬೇಕು. ಬುಸ್ತಾನಿಕಾದ ಬೆನ್ನಿಗೆ ಎಮಿರೇಟ್ಸ್ ವಿಮಾನದ ಅಡುಗೆಮನೆಯೇ ಇದೆ. ಬೆಳೆಯುವ ಮೊದಲೇ ಕೊಳ್ಳುವವನು ಗೊತ್ತು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಏಪ್ರಿಲ್, ಮೇಯಲ್ಲಿ ಸುರಂಗ ಸಣ್ಣಗಾಗುತ್ತದೆ, ಸರಿ. ಆದರೆ ನೀರು ಉಳಿಸುವುದಕ್ಕೆ ಅಂತ ಕಿಲೋಗೆ ಹತ್ತಾರು ಯೂನಿಟ್ ಸುಡುವಷ್ಟು ಬರ ನಮಗಿಲ್ಲ. ಗೋಡೌನಿನ ತಗಡಿನ ಮಾಡಿಗೆ ಶಾಖ ತಡೆಯುವ ಹೊದಿಕೆ ಹಾಕದೆ ಎಸಿ ನಡೆಯುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವ ಒಳಗೆ ನುಗ್ಗುತ್ತದೆ. ಹಳೆಯ ಅಡಿಕೆ ಗೋಡೌನ್ ಅಂದರೆ ಇಲಿಯೂ ಇರುತ್ತದೆ. ಪೈಪು, ವಯರು ಎರಡೂ ಅದಕ್ಕೆ ಇಷ್ಟ.

ಕರೆಂಟು ಹೋದರೆ ಏನು ಮಾಡುತ್ತೀರಿ ಅಂತಲೂ ಅಲ್ಲಿ ಕೇಳಿ. ಕೊಳವೆಯಲ್ಲಿ ತೆಳುವಾಗಿ ನೀರು ಹರಿಯುವ ಪದ್ಧತಿಯಲ್ಲಿ ಪಂಪ್ ನಿಂತರೆ ಒಂದೆರಡು ಗಂಟೆಯಲ್ಲಿ ಬೇರು ಒಣಗಲು ಶುರು. ಬೇರಿಗೆ ಮಂಜಿನಂತೆ ನೀರು ಚಿಮುಕಿಸುವ ಪದ್ಧತಿಯಲ್ಲಿ ಅಷ್ಟು ಹೊತ್ತೂ ಇಲ್ಲ. ತೊಟ್ಟಿಯ ನೀರಿನಲ್ಲಿ ಬೇರು ಮುಳುಗಿದ್ದರೆ ಸ್ವಲ್ಪ ತಾಳುತ್ತದೆ. ಜೂನ್ ತಿಂಗಳ ಒಂದು ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ನಿಮ್ಮಲ್ಲಿ ಕರೆಂಟು ಬರಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಜನರೇಟರ್ ಇಲ್ಲದೆ ಆಗುವುದಿಲ್ಲ.

ದೊಡ್ಡ ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಅಮೆರಿಕದ ಏರೋಫಾರ್ಮ್ಸ್ 2023ರ ಜೂನ್‌ನಲ್ಲಿ ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. ಬೌರಿ ಫಾರ್ಮಿಂಗ್ 2024ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಪ್ಲೆಂಟಿ 2025ರ ಮಾರ್ಚ್‌ನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿತು. ಇವರಿಗೆ ತಂತ್ರಜ್ಞಾನದ ಕೊರತೆ ಇರಲಿಲ್ಲ, ಹಣ ಹಾಕಿದವರೂ ಸಣ್ಣವರಲ್ಲ. ಗಿಡ ಬೆಳೆಯಿತು, ಲೆಕ್ಕ ಕೂಡಿಬರಲಿಲ್ಲ.

ಮಾರುಕಟ್ಟೆಯನ್ನೂ ನೋಡಿ. ಬದಿಯಡ್ಕ, ಪೆರ್ಲ, ಕುಂಬಳೆಯಲ್ಲಿ ಲೆಟ್ಯೂಸ್ ಯಾರಿಗೆ ಬೇಕು? ಕೊಳ್ಳುವವರು ಮಂಗಳೂರಿನ ಹೋಟೆಲ್, ಕೆಫೆ, ದೊಡ್ಡ ಅಂಗಡಿಗಳು. ಅಲ್ಲಿಗೆ ಬೆಂಗಳೂರು, ಊಟಿ ಕಡೆಯಿಂದ ಬಯಲಲ್ಲಿ, ಪಾಲಿಹೌಸಿನಲ್ಲಿ ಬೆಳೆದದ್ದು ಬರುತ್ತದೆ. ನಿಮ್ಮ ಪೈಪೋಟಿ ಅದರ ಜೊತೆ. ಬಸಳೆ, ಹರಿವೆಯನ್ನು ದೀಪದಲ್ಲಿ ಬೆಳೆದರೆ ಕರೆಂಟಿನ ದುಡ್ಡೂ ಹುಟ್ಟುವುದಿಲ್ಲ. ತಂಬುಳಿಗೆ ಬೇಕಾದ ತಿಮರೆ (ಒಂದೆಲಗ) ತೋಟದ ಬದಿಯಲ್ಲಿ ಸುಮ್ನೆ ಹಬ್ಬಿರುತ್ತದೆ.

ಮಗನ ಉತ್ಸಾಹಕ್ಕೆ ತಣ್ಣೀರು ಎರಚುವುದು ನನಗೂ ಇಷ್ಟ ಇಲ್ಲ. ಅವನಿಗೆ ಈ ವಿದ್ಯೆಯ ರುಚಿ ಹತ್ತಿದೆ, ಅದು ಒಳ್ಳೆಯದೇ. ಬಿಸಿಲನ್ನು ಬಿಟ್ಟುಕೊಡದೆ ಉಳಿದದ್ದನ್ನೆಲ್ಲ ತರಬಹುದು. ಅಂಗಳದ ಬದಿಯಲ್ಲಿ ಪ್ಲಾಸ್ಟಿಕ್ ಮಾಡಿನ ಮಳೆಮರೆ ಕಟ್ಟಿ, ಅದರಡಿ ಕೊಳವೆ, ಎ ಮತ್ತು ಬಿ ಟ್ಯಾಂಕು, ಇಸಿ ಮೀಟರ್, ಸಣ್ಣ ಡೋಸಿಂಗ್ ಪಂಪ್ ಹಾಕಲಿ. ಬೆಳಕು ಪುಕ್ಕಟೆ, ಮಳೆಯ ಹೊಡೆತ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಸೊಪ್ಪು ಕೊಳೆಯುವಾಗ ನಿಮ್ಮಲ್ಲಿ ಹರಿವೆ, ಕೊತ್ತಂಬರಿ ಇದ್ದರೆ ಅಂಗಡಿಯವರೇ ಹುಡುಕಿಕೊಂಡು ಬರುತ್ತಾರೆ. ದೀಪ ಬೇಕೇ ಬೇಕು ಅಂದರೆ ಒಂದೇ ಒಂದು ರ್‍ಯಾಕ್ ಹಾಕಿ ಅದರಲ್ಲಿ ಮೈಕ್ರೋಗ್ರೀನ್ಸ್, ಅಂದರೆ ಎಳೆ ಸಸಿಯಾಗಿರುವಾಗಲೇ ಕೊಯ್ಯುವ ಸೊಪ್ಪು, ಮಾಡಲಿ. ಒಂದೆರಡು ವಾರದಲ್ಲಿ ಕೊಯ್ಲು, ಬೆಳಕೂ ಕಡಿಮೆ ಸಾಕು. ಅಥವಾ ತರಕಾರಿ ಸಸಿ ಎಬ್ಬಿಸಲಿ. ಸಣ್ಣ ಜಾಗದಲ್ಲಿ ನೂರಾರು ಸಸಿ ನಿಲ್ಲುವುದರಿಂದ ಒಂದೊಂದಕ್ಕೆ ಬೀಳುವ ಕರೆಂಟಿನ ಖರ್ಚು ಅಷ್ಟಕ್ಕಷ್ಟೆ. ಕಾಸರಗೋಡಿನಲ್ಲೇ ಸಿಪಿಸಿಆರ್‌ಐ ಆವರಣದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು ಇದೆ. ಕಟ್ಟುವ ಮೊದಲು ಅವರ ಹತ್ತಿರ ಮಾತಾಡಿ.

ಗೋಡೌನ್ ಖಾಲಿ ಬಿಡಬೇಕು ಅಂತಲ್ಲ. ಸೊಪ್ಪು ಆರಿಸಲು, ಪ್ಯಾಕ್ ಮಾಡಲು, ಕೊಯ್ದದ್ದನ್ನು ತಣ್ಣಗೆ ಇಡಲು ಒಂದು ಮೂಲೆ ಬೇಕೇ ಬೇಕಲ್ಲ, ಅದಕ್ಕೆ ಆಗುತ್ತದೆ. ದುಬೈಯಿಂದ ಬಂದ ಮೇಲೆ ಎರಡು ಅಂಕಿ ಬರೆದು ಕಳಿಸಿ: ಮಾರಿದ ಕಿಲೋಗೆ ಅವರು ಸುಡುವ ಯೂನಿಟ್, ಮತ್ತು ಅವರಿಗೆ ಸಿಗುವ ಬೆಲೆ. ಜೊತೆಗೆ ನಿಮ್ಮ ಸುರಂಗದ ನೀರಿನ ಪರೀಕ್ಷೆಯ ಚೀಟಿ. ಮಳೆಮರೆಗೆ ಎಷ್ಟು ದೊಡ್ಡ ಟ್ಯಾಂಕು, ಎಂಥ ಪಂಪ್ ಬೇಕು ಅಂತ ಆಗ ಕೂತು ಲೆಕ್ಕ ಹಾಕೋಣ.